ನೀಲಮ್ಮ ಅಕ್ಕಾರ ಎಳೆಗಳು

ನೀಲಮ್ಮ ಅಕ್ಕಾರು ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಸ್ವೆಟರ್ ನೋಡುತ್ತಿದ್ದರು. ಒಂದೆಳೆ ಕಿತ್ತು, ಕಡ್ಡಿ ಗೀರಿ ಸುಟ್ಟು, ಮೂಸಿ, "ಥೂ, ಇದು ಕುರೀದೈತ್ರಿ, ನನಗ ಬ್ಯಾಡ" ಎನ್ನುವರು. ಅವರಿಗೆ ಬೇಕಾದದ್ದು ಅಂಗಡಿಯ ಅಕ್ರಿಲಿಕ್ ಉಲ್ಲನ್. ಎಂಬತ್ತರ ದಶಕದ ಕೊನೆಗೆ ನಾನು ಶಲವಡಿಯ ಹೈಸ್ಕೂಲಿಗೆ ಕನ್ನಡ ಕಲಿಸಲು ಸೇರಿದಾಗ ಅವರು ಅಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮದುವೆಗಾಗಿ ಸಂಶೋಧನೆ ಅರ್ಧಕ್ಕೆ ಬಿಟ್ಟ ಸಂಕಟ ಇನ್ನೂ ಆರಿರಲಿಲ್ಲ.

ಆ ಎಳೆಗಳನ್ನು ಬೇಕರಿಯ ಭಟ್ಟಿಯಲ್ಲಿ ಕಪ್ಪಾಗುವತನಕ ಹುರಿಯುವರು. "ನನ್ನ ಬ್ರೆಡ್ಡೆಲ್ಲಾ ಸ್ವೆಟರ್ ನಾರತಾವ್ರಿ" ಎಂದು ಬೇಕರಿಯವ ಗೊಣಗಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಎಳೆ ನೀರು ಕುಡಿದು ಬೆಂದ ಶಾವಿಗೆಯಂತೆ ಮೆತ್ತಗಾಗುತ್ತಿತ್ತು. ಆಮ್ಲ ಸೋಕಿದರೆ ಸರ್ರನೆ ಕುಗ್ಗಿ, ತುದಿಗೆ ಕಟ್ಟಿದ ಅಂಗಿಯ ಗುಂಡಿಯನ್ನು ಮೇಲೆತ್ತುತ್ತಿತ್ತು. ಸೋಡಾ ನೀರಿಗೆ ಮತ್ತೆ ಉದ್ದವಾಗುತ್ತಿತ್ತು. "ನೋಡ ತಂಗೀ, ನಮ್ಮ ತೋಳೂ ಹಿಂಗ ಎತ್ತೂದು. ಕೈ ಇಲ್ಲದವರಿಗೆ ಮುಂದ ಇದರಾಗ ಕೈ ಮಾಡಬಹುದು!"

ಅವರ ಹಳೆಯ ಪ್ರೊಫೆಸರರು ಇದನ್ನು ನೋಡಲು ಬರುವೆನೆಂದು ಬರೆದರು. ಮೆಚ್ಚಿದರೆ ಅಕ್ಕಾರಿಗೆ ಮತ್ತೆ ಧಾರವಾಡದ ಲ್ಯಾಬು. ಹಿಂದಿನ ದಿನ ಎಳೆಗಳನ್ನು ತೊಳೆದಿಡುವ ಕೆಲಸ ನಾನಾಗಿಯೇ ಕೇಳಿ ತೆಗೆದುಕೊಂಡೆ. ಕೆರೆನೀರಿನ ಕೊಡ ಪಕ್ಕದಲ್ಲೇ ಇತ್ತು. ಆದರೆ ನಮ್ಮ ಕಡೆ ಕೆರೆನೀರು ಕುಡಿಯಲಿಕ್ಕೆ ಮಾತ್ರ. ತಲೆಯ ಮೇಲೆ ಹೊತ್ತು ತಂದ ನೀರನ್ನು ತೊಳೆಯಲು ಸುರಿಯುವ ಸೊಕ್ಕು ನನಗೆಲ್ಲಿಯದು? ಬಾವಿಯ ಉಪ್ಪುಪ್ಪು ಸವಳು ನೀರಿನಲ್ಲಿ ಜಾಲಿಸಿದೆ. ನೋಡನೋಡುತ್ತ ಎಲ್ಲವೂ ಕುಗ್ಗಿ ಬಿರುಸಾದವು. ಸೋಡಾ ನೀರಿಗೆ ಹಾಕಿದರೂ ಅಲುಗಲಿಲ್ಲ. ಓಡಿಹೋಗಿ ಅಕ್ಕಾರನ್ನು ಕರೆತಂದೆ.

"ಯಾವ ನೀರು?" ಎಂದರು ಅಕ್ಕಾರು. ಹೇಳಿದೆ. "ಅಯ್ಯ ಖೋಡಿ, ಬಾವಿ ನೀರಾಗ ಸುಣ್ಣ ಇರತೈತೆಲ್ಲ! ಎಳೀನ ಬಿಗದ ಹಾಕೇತಿ" ಎಂದು ಜೋರಾಗಿ ನಕ್ಕುಬಿಟ್ಟರು. ಸುಣ್ಣ ಬಿಡಲೆಂದು ಎಳೆಗಳನ್ನು ಆಮ್ಲದಲ್ಲಿ ನೆನೆಸಿ, ಇಡೀ ಕೊಡ ಕೆರೆನೀರು ಸುರಿದು ತೊಳೆದು, ಸೋಡಾ ನೀರಿಗಿಟ್ಟರು. ಸಂಜೆಗೆ ಒಂದೇ ಒಂದು ಮೆತ್ತಗಾಯಿತು. ಉಳಿದವು ತುಂಡಾದವು.

ಮರುದಿನ ಆ ಒಂಟಿ ಎಳೆ ಗುಂಡಿ ಎತ್ತಿತು. "ಮತ್ತೇನ್ ಹೊಸಾದು ಕಂಡ್ರಿ?" ಎಂದರು ಪ್ರೊಫೆಸರರು. ನಾನು ಬಾಗಿಲ ಹಿಂದೆ ಸರಿದೆ. ಅಕ್ಕಾರು ರಟ್ಟೆ ಹಿಡಿದು ಮುಂದಕ್ಕೆಳೆದರು. "ಸವಳು ನೀರಿಗೆ ಇದು ಮುಷ್ಟಿ ಕಟ್ಟತೈತ್ರಿ ಸರ. ಕಂಡುಹಿಡದಾಕಿ ಈಕಿ. ಈಕಿ ಹೆಸರ ಬರ್ಕೋರಿ, ಸುಶೀಲಾ ಅಂತ."

ಲ್ಯಾಬು ಸಿಕ್ಕಿತು, ಅಕ್ಕಾರು ಹೋದರು. ನನ್ನ ತಪ್ಪು ಅವರಿಗೆ ತಮಾಷೆಯಾಗಿತ್ತೆಂದೇ ಇಷ್ಟು ವರ್ಷ ನಂಬಿದ್ದೆ. ಮೊನ್ನೆ ಅಕ್ಕಾರು ತೀರಿಕೊಂಡು, ಅವರ ಮಣ್ಣಿಗೆ ಹೋದಾಗ ಅವರ ಯಜಮಾನರು ನನ್ನ ಗುರುತು ಹಿಡಿದರು.

"ಎಳಿ ಕೆಟ್ಟ ದಿನ ಮನಿಗೆ ಬಂದು ಉಣಲಾರದ ಅತ್ತಿದ್ಲರಿ. ಸುಶೀಲಾಗ ಹೇಳಬ್ಯಾಡ್ರಿ, ನೊಂದ್ಕೊಂತಾಳ ಅಂತ ಆಣಿ ಹಾಕಿಸಿಕೊಂಡಿದ್ಲು."