ಗಾಜಿಗೆ ಗೊತ್ತಾಗದ ಬೆರಳು

ಕಾರಿನ ಬಿಡಿಭಾಗ ಮಾಡುವ ಆ ಕಾರ್ಖಾನೆಯಲ್ಲಿ ಅವಳು ಎಲ್ಲರಿಗೂ ಬೆರಳಕ್ಕ. ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ: ಎಸಿ, ರೇಡಿಯೋ, ವೈಪರಿನ ಬಟನ್ನುಗಳನ್ನು ಕಣ್ಣು ಮುಚ್ಚಿ ಒತ್ತಿ ನೋಡುವುದು. ಓಡಿಸುವವರ ಕಣ್ಣು ರಸ್ತೆಯ ಮೇಲಿರಬೇಕಲ್ಲ, ಹಾಗಾಗಿ ತನ್ನ ಕಣ್ಣಿಗೂ ಇಲ್ಲಿ ಕೆಲಸವಿಲ್ಲ ಎನ್ನುತ್ತಿದ್ದಳು. ಟಕ್ ಎಂದರೆ ಪಾಸು. ಚೂರು ಮೆತ್ತಗಾದರೂ ಕೆಂಪು ಡಬ್ಬಿಗೆ. ಯಂತ್ರ ಸರಿಯೆಂದದ್ದನ್ನು ಅವಳ ಬೆರಳು ಬೇಡವೆಂದರೂ ಮೇಸ್ತ್ರಿ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಹೊಸ ಕಾರುಗಳಲ್ಲಿ ಬಟನ್ನುಗಳೇ ಮಾಯವಾದವು. ಎಲ್ಲವೂ ಒಂದು ಗಾಜಿನ ಪರದೆಯೊಳಗೆ ಹೊಕ್ಕವು. ಪರದೆ ವಿಭಾಗಕ್ಕೆ ಸೇರಬೇಕಾದರೆ ಮೂಡಿ ಮೂಡಿ ಮರೆಯಾಗುವ ನಲವತ್ತು ಚುಕ್ಕಿಗಳನ್ನು ಒಂದು ನಿಮಿಷದಲ್ಲಿ ಮುಟ್ಟಬೇಕು. ಆಗದವರು ಮನೆ ದಾರಿ ಹಿಡಿಯಬೇಕು.

ಮಗಳ ಫೋನಿನಲ್ಲಿ ಅಭ್ಯಾಸಕ್ಕೆ ಕೂತಾಗಲೇ ಗೊತ್ತಾಯಿತು, ಗಾಜು ಅವಳ ತೋರುಬೆರಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಒತ್ತಿ ಒತ್ತಿ ತುದಿ ಜಡ್ಡುಗಟ್ಟಿ ಕೊರಡಾಗಿತ್ತು. ಮಗಳು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿಸಿದಳು, ತನ್ನ ಕೂಸಿಗೆ ಹಚ್ಚುವ ಕ್ರೀಮನ್ನೇ ಸವರಿ ಬಟ್ಟೆ ಸುತ್ತಿದಳು. ಉಪಯೋಗವಾಗಲಿಲ್ಲ. ಎಂಟು ತಿಂಗಳ ಮೊಮ್ಮಗಳು ಜೊಲ್ಲು ಬೆರಳಿಟ್ಟರೆ ಮಾತ್ರ ಪರದೆ ತಟ್ಟನೆ ಬೆಳಗುತ್ತಿತ್ತು.

"ನನ್ನ ಬದಲು ಇವಳನ್ನೇ ಕಳಿಸು. ಇವಳು ರಿಟೈರಾಗೋಕೆ ಇನ್ನೂ ಟೈಮಿದೆ," ಎಂದು ಅವಳು ನಕ್ಕಳು. ಮಗಳು ನಗಲಿಲ್ಲ.

ಕೊನೆಗೆ ಕಿರುಬೆರಳು ಕೈಹಿಡಿಯಿತು. ಅದಕ್ಕೆ ಜಡ್ಡಿರಲಿಲ್ಲ, ಅಭ್ಯಾಸವೂ ಇರಲಿಲ್ಲ. ಕೂಸು ಮಲಗಿದಾಗಲೆಲ್ಲ ಹದಿನೈದು ದಿನ ತಾಯಿ ಮಗಳು ಕೂತು ಅದನ್ನು ಪಳಗಿಸಿದರು.

ಪರೀಕ್ಷೆಯ ದಿನ ಮೊದಲ ಹನ್ನೊಂದು ಚುಕ್ಕಿಗಳು ಸಿಕ್ಕವು. ಆಮೇಲೆ ಎರಡು ತಪ್ಪಿದವು. ಗಾಬರಿಯಲ್ಲಿ ಅವಳು ತನಗೆ ಬರುವುದನ್ನೇ ಮಾಡಿದಳು: ಕಣ್ಣು ಮುಚ್ಚಿ, ತೋರುಬೆರಳು ಊರಿ, ಟಕ್ ಎನ್ನುವುದಕ್ಕಾಗಿ ಕಾದಳು. ಗಾಜು ಏನೂ ಹೇಳಲಿಲ್ಲ. ಇನ್ನಷ್ಟು ಒತ್ತಿದಳು.

"ಅಕ್ಕಾ, ಕಣ್ಣು ಬಿಡಿ," ಎಂದ ಮೇಸ್ತ್ರಿ, ಮೆಲ್ಲಗೆ. "ಟೈಮು ಮುಗೀತು."

ಮನೆಗೆ ಬಂದ ತಾಯಿಯ ಮುಖ ನೋಡಿದ್ದೇ ಮಗಳಿಗೆ ಗೊತ್ತಾಯಿತು. ಮೀಯಿಸಿದ ಕೂಸನ್ನು ತಾಯಿಯ ಮಡಿಲಿಗೆ ಹಾಕಿದಳು. ಬೆರಳಕ್ಕ ಕೂಸಿನ ಅಂಗಿಯ ಟಿಚ್ ಬಟನ್ನುಗಳನ್ನು ಒಂದೊಂದಾಗಿ ಒತ್ತಿದಳು. ಮೂರನೆಯದು ಮೆತ್ತಗಿತ್ತು. ಬಿಚ್ಚಿ ಮತ್ತೆ ಒತ್ತಿದಳು. ಮತ್ತೆ ಬಿಚ್ಚಿದಳು.

"ಇದು ಪಾಸಾಗಲ್ಲ ಕಣೇ," ಎಂದಳು.

ಮಗಳು ಬೇರೆ ಅಂಗಿ ತರಲು ಒಳಗೆ ಹೋದಳು. ಅವಳು ಕಣ್ಣು ಮುಚ್ಚಿಕೊಂಡು ಒತ್ತುತ್ತಲೇ ಇದ್ದಳು.