ಅಜ್ಜಿಯ ಮೈಮೇಲೆ ಬಂದ ಊರವ್ವ

ತೊಂಬತ್ತರ ದಶಕದ ಮಾತು. ಹೊಸಹಳ್ಳಿಯಲ್ಲಿ ನಮ್ಮಕ್ಕನ ಅತ್ತೆಮನೆಯ ಪಡಸಾಲೆ. ಅಕ್ಕ, ಅವಳ ಗಂಡ, ಅತ್ತೆ, ದೆವ್ವ ಬಿಡಿಸುವ ಒಬ್ಬ ಮುದುಕ. ಕೊಟ್ಟೂರಿನಿಂದ ಹೋಗಿದ್ದ ನಾನು, ನಮ್ಮಜ್ಜಿ. ತೊಟ್ಟಿಲಲ್ಲಿ ಕೂಸು.

ಬಾಣಂತನ ಮುಗಿಸಿ ಗಂಡನ ಮನೆಗೆ ಹೋದ ಅಕ್ಕ ಮಾತು ಬಿಟ್ಟಿದ್ದಳು. ಕೂಸು ಅತ್ತರೂ ಗೋಡೆ ನೋಡುತ್ತ ಕೂರುವಳು. ಗಾಳಿ ಸೋಕಿದೆ ಎಂದು ತೀರ್ಮಾನಿಸಿದ ಅತ್ತೆ, ಹಿಂದಿನ ಅಮಾವಾಸ್ಯೆಗೆ ಈ ಮುದುಕನಿಂದ ಬೇವಿನ ಬರಲಿನಲ್ಲಿ, ಅಂದರೆ ಎಲೆ ಸವರಿದ ಕಡ್ಡಿಗಳ ಕಟ್ಟಿನಲ್ಲಿ, ಹೊಡೆಸಿದ್ದಳು. ಏಟು ದೆವ್ವಕ್ಕಂತೆ. ಬಾಸುಂಡೆ ಎದ್ದದ್ದು ಅಕ್ಕನ ಬೆನ್ನಿನ ಮೇಲೆ. ಈ ಅಮಾವಾಸ್ಯೆಗೂ ಅದೇ ಏರ್ಪಾಡು. ಬೆಳಿಗ್ಗೆ ಅಕ್ಕನಿಗೆ ನೀರು ಹಾಕುವಾಗ ಅಜ್ಜಿ ಆ ಬೆನ್ನು ಕಂಡಿದ್ದಳು. ನಾನು ಹಲ್ಲು ಕಡಿದರೆ, "ಸುಮ್ನಿರಲೇ. ಈಕಿ ಅತ್ತಿ ನಮ್ಮ ಮಾತು ಕೇಳಂಗಿಲ್ಲ. ಯಾರ ಮಾತು ಕೇಳ್ತಾಳ, ನನಗ ಗೊತ್ತೈತಿ" ಎಂದಳು.

ಮುದುಕ ಬೇವಿನ ಬರಲು ಎತ್ತಿದ. ಅಜ್ಜಿ ತುರುಬು ಬಿಚ್ಚಿ, ಒಮ್ಮೆ ಹೂಂಕರಿಸಿ, ಅದನ್ನು ಅವನ ಕೈಯಿಂದ ಕಿತ್ತುಕೊಂಡಳು. ಅವಳ ಮೈಮೇಲೆ ಅಲ್ಲಿಯವರೆಗೆ ಯಾವ ದೇವರೂ ಬಂದಿರಲಿಲ್ಲ.

"ಊರವ್ವ ಬಂದೀನಿ! ನನ್ನ ಮಗಳಿಗೆ ಹೊಡಿಸಿದಾಕಿ ಯಾರು?"

ಮೊದಲು ಅಡ್ಡಬಿದ್ದವನು ಮುದುಕನೇ. ಬೀಳದಿದ್ದರೆ ಅವನ ಕಸುಬು ಉಳಿಯುವುದು ಹೇಗೆ? ಅತ್ತೆ ಕೈಮುಗಿದು ಮುಂದೆ ಬಂದಳು.

"ತಪ್ಪಾತವ್ವಾ!"

"ಬೆನ್ನು ತಿರುಗ್ಸು."

ಏಟಿನ ಸಪ್ಪಳ ಹೊರಗಿನ ಕಟ್ಟೆಯವರೆಗೂ ಕೇಳಿತು. ಇನ್ನೊಂದು ಬೀಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬಿತ್ತು. ಆ ಸುಖ ಇಂದಿಗೂ ಕಡಿಮೆಯಾಗಿಲ್ಲ.

"ನೋವಾತೇನು?"

"ಆತವ್ವಾ."

"ದೆವ್ವಕ್ಕೋ, ನಿನಗೋ?"

"ನನಗವ್ವಾ, ನನಗ!"

"ಹಂಗಾರ ನಾಳಿ ಈಕೀನ ದಾವಣಗೇರಿ ಡಾಕ್ಟರ ಹತ್ರ ಕರಕೊಂಡು ಹೋಗು. ಈಕಿ ನೆಟ್ಟಗಾಗೂತನ ಒಲಿ ಮುಂದ ನೀನಾ ಕುಂದ್ರು."

ಮರಳುವಾಗ ಬಸ್ಸಿನಲ್ಲಿ ಕೇಳಿದೆ, "ಊರವ್ವ ಖರೇನಾ ಬಂದಿದ್ಲೇನಜ್ಜಿ?"

"ಆಕಿ ಯಾಕ ಬರ್ತಾಳ? ನಾನಾ ಬಂದಿದ್ದೆ."

ಹೆತ್ತ ಮೇಲೆ ಕೆಲವರ ಮನಸ್ಸು ಹೀಗೆ ಕುಸಿಯುತ್ತದೆ, ಅದೂ ಒಂದು ಕಾಯಿಲೆ ಎಂದರು ಡಾಕ್ಟರು. ಗುಳಿಗೆ, ನಿದ್ದೆ, ಒಲೆಯಿಂದ ಬಿಡುವು; ಅಕ್ಕ ಮೆಲ್ಲಗೆ ಮಾತಿಗೆ ಬಂದಳು. ಊರವರು ಅವ್ವನ ಕೃಪೆ ಎಂದರು. ನಾನು ತಿದ್ದಲಿಲ್ಲ. ಅತ್ತೆಗೆ ಆ ಭಯ ಇರಲಿ ಎನಿಸಿತು.

ಕೆಲವು ವರ್ಷಗಳ ಮೇಲೆ ಅತ್ತೆಯ ಸ್ವಂತ ಮಗಳು ತವರಿಗೆ ಬಂದು ಹೆತ್ತಳು. ಅವಳೂ ಗೋಡೆ ನೋಡುತ್ತ ಕುಳಿತಳು. ಅತ್ತೆ ಮುದುಕನಿಗೆ ಹೇಳಿ ಕಳಿಸಲಿಲ್ಲ. ಮಗಳ ಕೈ ಹಿಡಿದು ದಾವಣಗೆರೆ ಬಸ್ಸಿಗೆ ಕಾದು ನಿಂತಳು.

"ಬೇವಿನ ಬರಲು ತರ್ಲೇನ್ರಿ ಅತ್ತಿ?" ಎಂದಳು ಅಕ್ಕ.

ಬಸ್ಸು ಬಂತು. ಅಕ್ಕ ನಾದಿನಿಯ ಕೂಸನ್ನು ಎತ್ತಿಕೊಂಡು ಅವರ ಹಿಂದೆ ಹತ್ತಿದಳು.