ಕರಿಕೋಟಿಲ್ಲದ ಲಾಯರ್ರು

ನಮ್ಮ ಕಡೆ ಲಾಯರ್ ಅನ್ನಿಸಿಕೊಳ್ಳಲು ಕಾನೂನು ಓದಲೇಬೇಕೆಂದೇನಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ಫೈಲು ಇಟ್ಟುಕೊಂಡು ದಿನಾ ಗುಬ್ಬಿ ಕೋರ್ಟಿಗೆ ಹೋಗಿಬಂದರೆ ಸಾಕು, ಊರಿನವರೇ ಸನ್ನದು ಕೊಟ್ಟುಬಿಡುತ್ತಾರೆ. ಅನಂತರಾಜುವಿಗೆ ಸಿಕ್ಕಿದ್ದೂ ಹಾಗೇ. ಅವನು ನಾಗಭೂಷಣ್ ಎಂಬ ವಕೀಲರ ಗುಮಾಸ್ತ. ಮೊದಮೊದಲು ಯಾರಾದರೂ "ಲಾಯರ್ ಸಾಹೇಬ್ರೇ" ಎಂದರೆ ತಿದ್ದಬೇಕೆನಿಸುತ್ತಿತ್ತು. ಆಮೇಲಾಮೇಲೆ ಹಿತವಾಯಿತು. ನಾದಿನಿಯ ಲಗ್ನಪತ್ರಿಕೆಯಲ್ಲಿ ಅವನ ಹೆಸರಿನ ಮುಂದೆ 'ವಕೀಲರು' ಎಂದು ಅಚ್ಚಾದಾಗಲೂ ಆಸಾಮಿ ತುಟಿ ಪಿಟಕ್ಕೆನ್ನಲಿಲ್ಲ.

ಹೀಗಿರುವಾಗ ಅವನದೇ ಊರಿನ ವಿಧವೆ ಶಕುಂತಲಮ್ಮನವರ ತೆಂಗಿನ ತೋಟದ ದಾರಿಗೆ ಬೇಲಿ ಹಾಕಲು ಅವರ ಮೈದುನ ಕಲ್ಲುಕಂಬ ತಂದಿಳಿಸಿದ. ಕೂಡಲೇ ತಡೆಯಾಜ್ಞೆ ತರಬೇಕಿತ್ತು. ತುಮಕೂರಿನ ದೊಡ್ಡ ವಕೀಲರ ಹತ್ತಿರ ಹೋಗಿ ಎಂದವರ ಮಾತು ಕೇಳದೆ ಶಕುಂತಲಮ್ಮ ಅನಂತರಾಜುವಿನ ಬಳಿಗೇ ಬಂದರು.

"ನೀವೇ ಇರ್ವಾಗ ಬ್ಯಾರೆಯೋರು ಯಾಕ್ ಸಾಹೇಬ್ರೇ? ನನ್ ಪರ್ವಾಗಿ ನೀವೇ ಮಾತಾಡ್ಬೇಕು."

"ನಮ್ ಸೀನಿಯರ್ ಇರ್ತಾರೆ ಬುಡಿ ಅಕ್ಕಾ, ನಾನೂ ಇರ್ತೀನಿ" ಎಂದ ಅನಂತರಾಜು. ಸುಳ್ಳಂತೂ ಹೇಳಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ.

ಕೇಸು ಕೂಗಿದಾಗ ನಾಗಭೂಷಣ್ ಪಕ್ಕದ ಕೋರ್ಟ್ ಹಾಲಿನಲ್ಲಿ ಪಾಟಿಸವಾಲು ನಡೆಸುತ್ತಿದ್ದರು.

"ನಿಮ್ಮ ವಕೀಲರು ಎಲ್ಲಮ್ಮಾ?" ಎಂದು ಜಡ್ಜ್ ಕೇಳಿದರು.

ಶಕುಂತಲಮ್ಮ ಸೆರಗು ಸರಿಮಾಡಿಕೊಂಡು, ಬಾಗಿಲ ಬಳಿ ನಿಂತಿದ್ದ ಅನಂತರಾಜುವನ್ನು ತೋರಿಸಿದರು. "ಅಗೋ, ಅಲ್ಲವ್ರೆ ಸ್ವಾಮಿ, ನಮ್ಮೂರ ಲಾಯರ್ರು."

ಕರಿಕೋಟಿನವರೆಲ್ಲ ಒಟ್ಟಿಗೆ ತಿರುಗಿದರು. ಯಾರೋ ಕಿಸಕ್ಕನೆ ನಕ್ಕರು.

"ನೀವು ಅಡ್ವೊಕೇಟಾ?"

"ಅಲ್ಲ ಸ್ವಾಮಿ... ಕ್ಲರ್ಕು."

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವನಿಗೆ. ಶಕುಂತಲಮ್ಮನವರ ಮುಖ ನೋಡುವ ಧೈರ್ಯ ಬರಲಿಲ್ಲ. ಆಮೇಲೆ ನಾಗಭೂಷಣ್ ಓಡಿಬಂದು ವಾದಿಸಿದರು, ತಡೆಯಾಜ್ಞೆಯೂ ಸಿಕ್ಕಿತು. ಗುಮಾಸ್ತನ ನಾಚಿಕೆ ಮಾತ್ರ ಇಳಿಯಲಿಲ್ಲ.

ಸಂಜೆ ಊರಿನ ಬಸ್ಸು ತುಂಬಿತ್ತು. ಶಕುಂತಲಮ್ಮನವರ ಪಕ್ಕ ಕೂತಿದ್ದ ಊರಿನ ಹುಡುಗ ಚನ್ನೇಶ್, "ಏನಕ್ಕಾ, ನಮ್ ಲಾಯರ್ ಸಾಹೇಬ್ರು ಹೆಂಗ್ ಮಾತಾಡಿದ್ರು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಕಂಬಿ ಹಿಡಿದು ನಿಂತಿದ್ದ ಅನಂತರಾಜು ಫೈಲನ್ನು ಕಂಕುಳಿಗೆ ಇನ್ನಷ್ಟು ಒತ್ತಿಕೊಂಡ.

ಶಕುಂತಲಮ್ಮ ಅವನ ಕಡೆ ನೋಡಲೂ ಇಲ್ಲ. "ಚೆನ್ನಾಗೇ ಮಾತಾಡಿದ್ರು ಕಣಪ್ಪಾ, ಸ್ಟೇನೂ ಸಿಕ್ತು. ಎದ್ದು ಜಾಗ ಬುಡು ಅವ್ರಿಗೆ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನು ಲಾಯರಲ್ಲ ಕಣಪ್ಪಾ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಇಡೀ ಬಸ್ಸು ಅವನನ್ನೇ ನೋಡುತ್ತಿತ್ತು. ಚನ್ನೇಶ್ ಎದ್ದು ನಿಂತ.

ಅನಂತರಾಜು ಕೂತುಕೊಂಡ.